ಕಿಟಕಿ ಪಕ್ಕದ ಗೆರೆಗಳು

ಹಿಡಿಯಿತೋ, ಇಲ್ಲವೋ? ಸ್ಕ್ರೂ ಒಳಗೆ ಹೋಗಿದೆ. ಆದರೆ ಬೆಣ್ಣೆಗೆ ಇಳಿದಂತೆ ಇಳಿದಿದೆ. ಮರ ಸಿಕ್ಕಿದ್ದರೆ ಡ್ರಿಲ್ಲು ಕೊನೆಯಲ್ಲೊಮ್ಮೆ ಗೊಣಗಬೇಕಿತ್ತು. ಗೊಣಗಲಿಲ್ಲ.

ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಖಾಲಿ ಮನೆಯಲ್ಲಿ ಅವನ ಉಸಿರು ಹೊಗೆಯಾಗಿ ಕಾಣುತ್ತದೆ. ಎಲ್ಲರೂ ‘ಬೋರ್ಡಿನವನು’ ಎಂದೇ ಕರೆಯುವ ಈತ ಗೋಡೆಗೆ ಹೊದಿಸುವ ಆಳೆತ್ತರದ ಜಿಪ್ಸಮ್ ಬೋರ್ಡಿಗೆ ಹೆಗಲು ಕೊಟ್ಟು ನಿಂತಿದ್ದಾನೆ. ಅದರ ಹಿಂದೆ ಚಳಿ ತಡೆಯುವ ಗಟ್ಟಿ ಫೋಮ್, ಫೋಮಿನ ಹಿಂದೆ ಮರದ ಕಂಬಗಳು. ಬೋರ್ಡಿನ ಭಾರ ಹೊರುವುದು ಕಂಬ ಮಾತ್ರ. ಬರೀ ಗೋಡೆಯಾದರೆ ಗೆಣ್ಣಿನಿಂದ ತಟ್ಟಿ ಕಂಬವನ್ನು ಹುಡುಕಬಹುದು. ಫೋಮ್ ಮುಚ್ಚಿದ ಮೇಲೆ ಗೋಡೆ ಬಾಯಿ ಬಿಡುವುದಿಲ್ಲ. ಅದಕ್ಕೇ ಮುಚ್ಚುವ ಮೊದಲು ಕಂಬಗಳ ನೇರಕ್ಕೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದಿಟ್ಟುಕೊಳ್ಳುತ್ತಾರೆ.

ಇಲ್ಲಿ ಗೆರೆ ಎಳೆದವರು ಅವನ ಮಾವ, ಹೆಂಡತಿಯ ತಂದೆ, ಕೆಲಸ ಕಲಿಸಿದವರು. ಬಡಗಿ ಕಿಟಕಿಗಾಗಿ ಕಂಬಗಳನ್ನು ಸರಿಸಿದ್ದಾನೆ. ಮಾವ ಮಾತ್ರ ಹಳೆಯ ರೂಢಿಯಲ್ಲಿ ಸಮದೂರಕ್ಕೇ ಎಳೆದುಬಿಟ್ಟಿದ್ದಾರೆ. ಹಿಂದಿನ ಮನೆಯಲ್ಲಿ ಅವರ ಗೆರೆ ನಂಬಿ ಹಾಕಿದ ಬೋರ್ಡು ಸಡಿಲವಾದಾಗಲೇ ಮೇಸ್ತ್ರಿ ಹೇಳಿದ್ದ, ಇನ್ನೊಮ್ಮೆ ಹೀಗಾದರೆ ಮುದುಕಪ್ಪ ಮನೆಯಲ್ಲೇ ಇರಲಿ ಎಂದು. ಮನೆಯಲ್ಲಿದ್ದು ಮಾವ ಏನು ಮಾಡಿಯಾರು?

ಅವನು ಬೋರ್ಡು ಇಳಿಸುತ್ತಾನೆ. ಜೇಬಿನಿಂದ ಗೋಣಿ ಹೊಲಿಯುವ ದಬ್ಬಳ ತೆಗೆದು, ಕಣ್ಣು ಮುಚ್ಚಿ, ಫೋಮಿಗೆ ಚುಚ್ಚುತ್ತಾನೆ. ಬಯಲು. ಇನ್ನೊಂದು ಬೆರಳು ಆಚೆ. ಬಯಲು. ಮತ್ತೆ. ದಬ್ಬಳ ನಿಂತಿತು. ಮರ! ಚುಚ್ಚಿದ ಒಂದೊಂದು ತೂತಿಗೂ ಟೇಪು ಅಂಟಿಸುತ್ತಾನೆ, ಏಕೆಂದರೆ ಸೂಜಿಗಣ್ಣಿನಷ್ಟು ಜಾಗ ಸಿಕ್ಕರೂ ಚಳಿ ನುಸುಳುತ್ತದೆ; ಈ ಕೋಣೆ ಮನೆ ಕಟ್ಟಿಸುತ್ತಿರುವಾಕೆಯ ಉಬ್ಬಸದ ತಾಯಿಗೆ. ಆಮೇಲೆ ಹಳೆಯ ಗೆರೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾವನ ಹಾಗೆಯೇ ತುದಿಯಲ್ಲೊಂದು ಕೊಕ್ಕೆ ಬಿಟ್ಟು, ಹೊಸದಾಗಿ ಎಳೆಯುತ್ತಾನೆ.

ಬೋರ್ಡನ್ನು ಮತ್ತೆ ಎತ್ತಿ ನಿಲ್ಲಿಸುತ್ತಾನೆ. ಈಗ ಡ್ರಿಲ್ಲು ಗೊಣಗುತ್ತದೆ. ಹಿಂದಿನ ಫೋಮ್ ಮೆತ್ತಗೆ ತಗ್ಗುವುದರಿಂದ ಸ್ಕ್ರೂ ಅರ್ಧ ಸುತ್ತು ಹೆಚ್ಚಾದರೂ ಬೋರ್ಡಿನ ಮೇಲ್ಪದರದ ಕಾಗದ ಹರಿಯುತ್ತದೆ. ಒಂದೂ ಹರಿಯುವುದಿಲ್ಲ. ಕಣ್ಣಿಗೆ ಕಾಣದ ಮರವನ್ನು ಆ ಕೈ ನೋಡುತ್ತಿದೆ.

“ಕಣ್ಣಿಗೆ ಇಲ್ಲೇನು ಕೆಲ್ಸ?” ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. “ಮರ ಕಚ್ಚಿದ್ರೆ ಮೊಣಕೈಗೇ ಗೊತ್ತಾಗುತ್ತೆ.”

ಬಿಸಿಲೇರಿದ ಮೇಲೆ ಮಾವ ಚಹಾದ ಫ್ಲಾಸ್ಕು ಹಿಡಿದು ಬರುತ್ತಾರೆ. “ಏನ್ ಅಳಿಯಂದ್ರೇ, ಮಗಳು ಮನೆಯಿಂದ ಓಡಿಸಿದ್ಲಾ, ಇಷ್ಟು ಬೇಗ ಬಂದಿದ್ದೀರಿ?”

ಅವರ ಹಿಂದೆಯೇ ಬಂದ ಮೇಸ್ತ್ರಿ ಒಂದೊಂದು ಬೋರ್ಡಿಗೂ ಮೈಭಾರ ಹಾಕಿ ನೂಕುತ್ತಾನೆ. ಗೋಡೆ ಮಿಸುಕುವುದಿಲ್ಲ.

“ಗೆರೆ ಯಾರದ್ದು?”

“ಮಾವನದ್ದು.”

“ಮತ್ತಿನ್ಯಾರದ್ದು?” ಮಾವ ಮೀಸೆಯಡಿ ನಗುತ್ತಾರೆ. “ಕಣ್ಣು ಕಟ್ಟಿ ಬಿಟ್ರೂ ಎಳೀತೀನಿ.”

ಹಾಗಾದರೆ ಮುಂದಿನ ಮನೆಗೂ ನೀವೇ ಎಳೀರಿ ಎಂದು ಮೇಸ್ತ್ರಿ ಹೊರಡುತ್ತಾನೆ. ಮಾವ ಆ ಸಂತೋಷಕ್ಕೆ ಇನ್ನೊಂದು ಲೋಟ ಚಹಾ ಬಗ್ಗಿಸುತ್ತಾರೆ. ಅಳಿಯ ದಬ್ಬಳವನ್ನು ಒರೆಸಿ ಜೇಬಿಗಿಡುತ್ತಾನೆ. ಮುಂದಿನ ಮನೆಗೂ ಎಲ್ಲರಿಗಿಂತ ಮೊದಲೇ ಬರಬೇಕು.

ಕಿಟಕಿ ಪಕ್ಕದ ಗೆರೆಗಳು ತನ್ನವೆಂದು ಅವನು ಮಾವನಿಗೆ ಹೇಳಲೇ ಇಲ್ಲ.