ನಾರು ಕಚ್ಚದ ಹಲ್ಲು

ಹಾನ್ಸಾನ್ ಸೀಮೆಯ ಹೆಂಗಸರು ಬಾಯಿ ತೆರೆದರೆ ಸಾಕು, ಅವರ ವಯಸ್ಸು ಹೇಳಿಬಿಡಬಹುದು. ಕೆಳಗಿನ ಮುಂದಿನ ಹಲ್ಲುಗಳ ಮೇಲೆ ಒಂದು ಗೆರೆ ಇರುತ್ತದೆ. ಹುಡುಗಿಯರಿಗೆ ಕೂದಲೆಳೆಯಷ್ಟು, ಅಜ್ಜಿಯರಿಗೆ ಅಕ್ಕಿಕಾಳು ಕೂರುವಷ್ಟು. ಮೊಸಿ ಗಿಡದ ಕಾಂಡದಿಂದ ಸುಲಿದ ನಾರನ್ನು ಆ ಹಲ್ಲಿಗೆ ಸಿಕ್ಕಿಸಿ, ಎಂಜಲಲ್ಲಿ ತೋಯಿಸಿ, ಸೀಳಿದ್ದನ್ನೇ ಮತ್ತೆ ಸೀಳಿ ನೂಲಿನಷ್ಟು ಸಣ್ಣ ಮಾಡುತ್ತ ಮಾಡುತ್ತ ಬಿದ್ದ ಗೆರೆ ಅದು. ಬೇಸಿಗೆ ಬಂತೆಂದರೆ ಪಟ್ಟಣದ ದೊಡ್ಡ ಮನುಷ್ಯರು ಗಾಳಿಯಾಡುವ ತೆಳು ಮೊಸಿ ಅಂಗಿ ತೊಟ್ಟು ಬೀಸಣಿಗೆ ಬೀಸಿಕೊಳ್ಳುತ್ತಾರೆ. ಆ ಅಂಗಿಯ ಒಂದೊಂದು ಎಳೆಯೂ ಮೊದಲು ಯಾವಳೋ ಒಬ್ಬಳ ಬಾಯಲ್ಲಿತ್ತು ಎಂದು ಅವರಿಗೆ ಹೊಳೆಯುವುದಿಲ್ಲ. ಹೊಳೆಯದೆ ಇರುವುದೇ ವಾಸಿ. ಹೇಸಿಕೊಂಡು ತೊಡುವುದನ್ನು ಬಿಟ್ಟರೆ ನಮ್ಮವರ ಹೊಟ್ಟೆಪಾಡೇನು?

ಓಂಗ್ನೆಯ ಬಾಯಿಗೆ ಅವಳ ತಾಯಿ ನಾರು ಕೊಟ್ಟದ್ದು ಒಂಬತ್ತನೆಯ ವಯಸ್ಸಿಗೆ. ಎಲ್ಲ ಹುಡುಗಿಯರಿಗೂ ಕೊಡುವುದು ಆಗಲೇ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಊರುವ ಕಾಲ, ಹಲ್ಲೂ ತುಟಿಯೂ ಹೇಳಿದ ಮಾತು ಕೇಳುತ್ತವೆ ಎಂದು ಲೆಕ್ಕ. ಮೊದಲು ತುಟಿ ಒಡೆಯಿತು, ನಾಲಿಗೆ ಕೊಯ್ದುಹೋಯಿತು, ಅನ್ನಕ್ಕೆ ಕಲಸಿದ ಉಪ್ಪು ಕಣ್ಣಲ್ಲಿ ನೀರು ತರಿಸಿತು. ಆಮೇಲೆ ತುಟಿಯ ಒಳಗೆ ಜಡ್ಡುಗಟ್ಟಿತು. ಈ ಕೆಲಸದಲ್ಲಿ ಅರ್ಧ ವಿದ್ಯೆ ಕೈಯದು, ಇನ್ನರ್ಧ ಆ ಜಡ್ಡಿನದು. ಮದುವೆಯಾಗಿ ನಮ್ಮೂರಿಗೆ ಬರುವಷ್ಟರಲ್ಲಿ ಓಂಗ್ನೆಯ ಎಳೆ ನೋಡಲೆಂದೇ ಪಕ್ಕದ ಊರುಗಳಿಂದ ಹೆಂಗಸರು ಬರುತ್ತಿದ್ದರು. ಗಂಡ ದನದ ವ್ಯಾಪಾರದವನು, ಮನೆಗಿಂತ ಸಂತೆಯಲ್ಲೇ ಹೆಚ್ಚು ಇರುವವನು. ಒಳ್ಳೆಯವನೇ, ಆದರೆ ಎತ್ತಿನ ಹಲ್ಲು ನೋಡಿದಷ್ಟು ಹೆಂಡತಿಯ ಹಲ್ಲು ನೋಡಿದವನಲ್ಲ.

ಆ ಹಲ್ಲಿಗೆ ಏಟು ಬಿದ್ದದ್ದು ಅವಳ ಮೂವತ್ತೈದರ ಹತ್ತಿರ. ಗೆರೆ ಆಳವಾಗಿ ಆಳವಾಗಿ ಒಂದು ಹಲ್ಲು ಬುಡದವರೆಗೂ ಸೀಳಿತು. ಕಿವಿ, ಕಣ್ಣು, ತಲೆ ಎಲ್ಲ ಒಂದೇ ಆಗಿ ಸಿಡಿಯಿತು. ಆ ಚಳಿಗಾಲವಿಡೀ ಓಂಗ್ನೆ ಎಡಗೆನ್ನೆಗೆ ಬಟ್ಟೆ ಸುತ್ತಿಕೊಂಡು ಬಲಗಡೆಯ ಹಲ್ಲಲ್ಲಿ ನಾರು ಸೀಳಿದಳು. ನಿಲ್ಲಿಸಿದರೆ ಊಟವಿಲ್ಲ, ಊಟ ಬಂದರೆ ತಿನ್ನಲು ಬಾಯಿಲ್ಲ.

ಹಲ್ಲುನೋವಿನವರಿಗೆ ಏನು ತಿನ್ನಿಸಬೇಕು ಎನ್ನುವುದರಲ್ಲಿ ಮಾತ್ರ ನಮ್ಮ ಕಡೆಯ ಹೆಂಗಸರನ್ನು ಮೀರಿಸುವವರಿಲ್ಲ. ಅಕ್ಕಿ ನೆನೆಸಿ, ಒರಳಿಗೆ ಹಾಕಿ ಮುರಿದು, ಒಂದು ತೊಟ್ಟು ಎಳ್ಳೆಣ್ಣೆಯಲ್ಲಿ ಬಾಡಿಸಿ, ಕೈ ಬಿಡದೆ ತಿರುವುತ್ತ ಬೇಯಿಸಿದ ಗಂಜಿ. ಎಣ್ಣೆ ಸರಿ, ಎಳ್ಳು ಕೂಡದು. ಒಂದೇ ಒಂದು ಎಳ್ಳು ಸೀಳಿನಲ್ಲಿ ಕೂತರೆ ಅವತ್ತಿನ ಕಥೆ ಮುಗಿಯಿತು. ಮೊಟ್ಟೆಗೆ ನೀರು ಬೆರೆಸಿ ಕದಡಿ, ಹಬೆಯಲ್ಲಿ ನಡುಗುವ ಹಾಗೆ ಬೇಯಿಸಿದ್ದು. ಅಂದೇ ಮಾಡಿದ ಮೆತ್ತನೆಯ ತೋಫು. ಸಿಹಿಗುಂಬಳ ಬೇಯಿಸಿ ಕಿವುಚಿದ್ದು. ಯಾವುದೂ ಬಿಸಿ ಇರಬಾರದು, ತಣ್ಣಗೂ ಇರಬಾರದು. ಬಟ್ಟಲನ್ನು ಕೆನ್ನೆಗೆ ಹಿಡಿದರೆ ಕೆನ್ನೆಗೇ ಗೊತ್ತಾಗಬಾರದು, ಅಷ್ಟು ಹದ. ಖಾರ ಹಾಕಿ ಹುಳಿ ಬರಿಸಿದ ಕೋಸಿನ ಕಿಮ್ಚಿ ಇಲ್ಲದ ಊಟ ಊಟವೇ ಅಲ್ಲವಲ್ಲ. ಅದಕ್ಕೆ ಒಂದು ಎಲೆ ಕಿಮ್ಚಿಯನ್ನು ನೀರಲ್ಲಿ ತೊಳೆದು, ಖಾರ ಕಳೆದು, ಪುಡಿಪುಡಿಯಾಗಿ ಹೆಚ್ಚಿ ಗಂಜಿಯ ಮೇಲೆ ಇಡುತ್ತಾರೆ. ತಿನ್ನುವುದಕ್ಕಲ್ಲ, ಕಣ್ಣಿಗೆ ಸಮಾಧಾನವಾಗಲಿ ಎಂದು.

ಓಂಗ್ನೆ ಆ ಗಂಜಿ ಕುಡಿಯುತ್ತಿದ್ದ ಚಳಿಗಾಲದಲ್ಲೇ ಅವಳ ಒಬ್ಬಳೇ ಮಗಳು ಯೊಂಜಾಗೆ ಒಂಬತ್ತು ತುಂಬಿತು. ಪಕ್ಕದ ಮನೆಯ ಗಪ್ಸುನಕ್ಕ, ಓಂಗ್ನೆಯ ಜೊತೆ ಒಂದೇ ಕೋಣೆಯಲ್ಲಿ ಕೂತು ನಾರು ಸೀಳುವವಳು, ವಾಡಿಕೆಯಂತೆ ಹುಡುಗಿಗೆಂದು ದಪ್ಪ ನಾರಿನ ಒಂದು ಕಟ್ಟು ತಂದಳು. ಮೊದಲ ನಾರನ್ನು ನೆರೆಯ ಹಿರಿಯಳು ತಂದುಕೊಡುವುದು ಒಂದು ಮರ್ಯಾದೆ. ಓಂಗ್ನೆ ಆ ಕಟ್ಟನ್ನು ಮುಟ್ಟಲಿಲ್ಲ. ಊದಿದ ಬಾಯಲ್ಲೇ ಹೇಳಿದಳು.

"ತಗೊಂಡು ಹೋಗಕ್ಕ. ನನ್ ಮಗಳ ಹಲ್ಲಿಗೆ ನಾರು ಮುಟ್ಟಿಸಲ್ಲ ನಾನು."

ಗಪ್ಸುನಕ್ಕನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ನೋವಿಗೆ ಹೀಗೆ ಆಡುತ್ತಾಳೆ, ಹಲ್ಲು ಬಿದ್ದ ಮೇಲೆ ಬುದ್ಧಿ ಬರುತ್ತದೆ ಎಂದುಕೊಂಡು ಹೋದಳು. ವಸಂತ ಬರುವಷ್ಟರಲ್ಲಿ ಹಲ್ಲು ಬಿತ್ತು, ಓಂಗ್ನೆಯ ಮನಸ್ಸು ಮಾತ್ರ ಬದಲಾಗಲಿಲ್ಲ. ಮಗಳು ಕೋಣೆಯೊಳಗೆ ಇಣುಕಿದರೆ ಹೊರಗೆ ಅಟ್ಟುತ್ತಿದ್ದಳು. ಸ್ಕೂಲಿಗೆ ಕಳಿಸಿದಳು, ಹೊಲಿಗೆ ಕಲಿಸಿದಳು, ಅಡುಗೆ ಕಲಿಸಿದಳು, ಉಪ್ಪಿನಿಂದ ಹಲ್ಲು ಉಜ್ಜಿಸಿದಳು. ಮೊಸಿಯೊಂದನ್ನು ಬಿಟ್ಟು ಎಲ್ಲವೂ ಅವಳಿಗೆ ಬಂತು. ಊರಿನ ಹೆಂಗಸರು ಸುಮ್ಮನಿರುವವರೇ? ಓಂಗ್ನೆಯ ಮಗಳು ಮಂತ್ರಿಯ ಮನೆ ಸೇರುತ್ತಾಳಂತೆ, ಬಾಯಲ್ಲಿ ಮುತ್ತು ಬೆಳೆಸುತ್ತಿದ್ದಾರಂತೆ ಎಂದು ಬಾವಿಕಟ್ಟೆಯಲ್ಲಿ ಆಡಿಕೊಂಡರು. ಓಂಗ್ನೆ ಕೇಳಿಸಿಕೊಂಡು ಒಳಗೊಳಗೇ ಹಿಗ್ಗುತ್ತಿದ್ದಳು. ಅಷ್ಟು ಬಿಳಿ ಹಲ್ಲಿನ ಹುಡುಗಿ ಸುತ್ತ ಯಾವ ಊರಲ್ಲೂ ಇರಲಿಲ್ಲ, ಅದು ನಿಜ.

ತೊಂದರೆ ಬಂದದ್ದು ಗಂಡು ಹುಡುಕುವಾಗ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಮುಖ ನೋಡುವ ಮೊದಲು ಎಳೆ ನೋಡುತ್ತಾರೆ. ಯೊಂಜಾಗೆ ತೋರಿಸಲು ಒಂದು ಎಳೆಯೂ ಇರಲಿಲ್ಲ. ಕೊನೆಗೆ ಸಮುದ್ರದ ಕಡೆಯ ಊರಿನಿಂದ ಒಂದು ಸಂಬಂಧ ಬಂತು. ಉಪ್ಪಿನ ಆಗರದ ಮನೆ. ಮೊಸಿ ನಮಗೆ ಬೇಕಿಲ್ಲ, ಬಿಸಿಲಲ್ಲಿ ಉಪ್ಪು ಬಾಚುವ ಗಟ್ಟಿಗಿತ್ತಿ ಬೇಕು ಎಂದರು ಬೀಗಿತ್ತಿ. ಓಂಗ್ನೆಗೆ ಸ್ವರ್ಗ ಮೂರೇ ಗೇಣು. ಮಗಳನ್ನು ಕಳಿಸಿಕೊಟ್ಟು ಬಂದ ದಿನ ಗಪ್ಸುನಕ್ಕನ ಎದುರು ಕೂತು, ನಾನು ಗೆದ್ದೆ ಎಂದು ಬಾಯಿಬಿಟ್ಟು ಹೇಳಿಕೊಂಡಳು.

ಯೊಂಜಾಗೆ ಗಂಡುಮಗು ಆಯಿತು. ಹಬ್ಬಕ್ಕೆ ಬಂದಾಗಲೆಲ್ಲ ಮುಖ ಬಿಸಿಲಿಗೆ ಕಪ್ಪಾಗಿರುತ್ತಿತ್ತು, ನಗು ಬಾಯಿ ತುಂಬ ಇರುತ್ತಿತ್ತು. ಆಮೇಲೆ ಎರಡು ವರ್ಷ ಹಬ್ಬಕ್ಕೂ ಬರಲಿಲ್ಲ. ಬಿರುಗಾಳಿಗೆ ಆಗರದ ಒಡ್ಡು ಒಡೆದು ಸಮುದ್ರ ಒಳಗೆ ನುಗ್ಗಿತೆಂದು ಸುದ್ದಿ ಬಂತು. ಕಟ್ಟಿಕೊಳ್ಳುತ್ತಿದ್ದಾರೆ, ಪುರುಸೊತ್ತಿಲ್ಲ ಎಂದು ಓಂಗ್ನೆ ತನಗೆ ತಾನೇ ಹೇಳಿಕೊಂಡಳು.

ಹಾಗಿರುವಾಗ ಒಂದು ದಿನ, ಹಿಮ ಕರಗಿ ದಾರಿಯೆಲ್ಲ ಕೆಸರಾಗಿದ್ದ ಹೊತ್ತಿನಲ್ಲಿ, ಯೊಂಜಾ ಬಸ್ಸಿಳಿದು ಒಬ್ಬಳೇ ನಡೆದು ಬಂದಳು. ಮಗುವನ್ನು ಅಲ್ಲೇ ಬಿಟ್ಟಿದ್ದಳು. ಬಲಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿಹೋಗಿತ್ತು. ಹಲ್ಲುನೋವು, ಅತ್ತೆ ನಾಲ್ಕು ದಿನ ತವರಲ್ಲಿ ಇದ್ದು ಬಾ ಅಂದರು, ಅಷ್ಟನ್ನು ತುಟಿ ಅಲುಗಿಸದೆ ಹೇಳಿ ಮೂಲೆಯಲ್ಲಿ ಮಲಗಿದಳು.

ಓಂಗ್ನೆ ಒರಳ ಮುಂದೆ ಕೂತಳು. ಅಕ್ಕಿ ಮುರಿದಳು, ಗಂಜಿ ತಿರುವಿದಳು, ಆರಿಸಿ ಆರಿಸಿ ಹದಕ್ಕೆ ತಂದು ಚಮಚದಲ್ಲಿ ಬಾಯಿಗಿಟ್ಟಳು. ಯೊಂಜಾ ತಲೆ ಓರೆ ಮಾಡಿ, ತುಟಿಯ ಒಂದು ಮೂಲೆ ಮಾತ್ರ ತೆರೆದು ಒಳಗೆ ಬಿಟ್ಟುಕೊಂಡಳು. ಅರ್ಧ ಗಂಜಿ ಗಲ್ಲದ ಮೇಲೆ ಹರಿಯಿತು. ಯಾವ ಹಲ್ಲು, ತೋರಿಸು ಎಂದರೆ ಕೈ ಅಡ್ಡ ಹಿಡಿಯುತ್ತಿದ್ದಳು. ನೋವಿಗೆ ಹೀಗೆ ಎಂದುಕೊಂಡಳು ತಾಯಿ. ಮೊಟ್ಟೆ ಬೇಯಿಸಿದಳು, ಕುಂಬಳ ಕಿವುಚಿದಳು, ಉಪ್ಪುನೀರು ಕಾಯಿಸಿ ಮುಕ್ಕಳಿಸಲು ಕೊಟ್ಟಳು. ಅವಳು ಮುಕ್ಕಳಿಸುವಾಗಲೂ ಗೋಡೆಯ ಕಡೆಗೇ ತಿರುಗುತ್ತಿದ್ದಳು. ಓಂಗ್ನೆಗೆ ಅದರಲ್ಲೂ ಒಂದು ಸುಖವಿತ್ತು, ಹೇಳಿಬಿಡುತ್ತೇನೆ. ಮದುವೆಯಾದ ಮಗಳಿಗೆ ಮತ್ತೆ ತುತ್ತಿಡುವ ಭಾಗ್ಯ ಎಷ್ಟು ತಾಯಂದಿರಿಗೆ ಸಿಗುತ್ತದೆ?

ಮೂರನೆಯ ದಿನ ಬಾವು ಇಳಿಯಿತು. ಗಪ್ಸುನಕ್ಕ ನೋಡಲು ಬಂದಳು. ಮಂತ್ರಿಯ ಮನೆಯಲ್ಲಿ ಹಲ್ಲುಜ್ಜಲು ಉಪ್ಪಿಗೂ ಬರವೇನೇ, ಆಗರವೇ ನಿಮ್ಮದಲ್ಲವೇ ಎಂದು ಛೇಡಿಸಿದಳು. ಯೊಂಜಾ ತಡೆಯಲಾರದೆ ನಕ್ಕುಬಿಟ್ಟಳು. ಬಾಗಿಲ ಬೆಳಕು ನೇರ ಅವಳ ಬಾಯಿಗೆ ಬಿತ್ತು.

ಇಬ್ಬರು ಹೆಂಗಸರೂ ನೋಡಿದರು. ನೋಡಿದ್ದು ಏನೆಂದು ಹಾನ್ಸಾನ್‌ನಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅದು ಗೆರೆಯಲ್ಲ. ಗೆರೆ ಬೀಳಲು ವರ್ಷಗಳು ಬೇಕು, ಪಳಗಿದ ಬಾಯಿ ಬೇಕು. ಇವಳ ಕೆಳಹಲ್ಲುಗಳ ಅಂಚು ಅಲ್ಲಲ್ಲಿ ಚಕ್ಕೆ ಎದ್ದಿತ್ತು, ಬಲಗಡೆಯ ಕೋರೆಹಲ್ಲು ನಡುವೆ ಸೀಳಿ ಕಪ್ಪಾಗಿತ್ತು, ತುಟಿಯ ಒಳಗೆ ಮಾಗದ ಗಾಯಗಳಿದ್ದವು. ಬೆಳೆದ ಮೇಲೆ, ಕಲಿಸುವವರಿಲ್ಲದೆ, ನಾರನ್ನು ಸಿಕ್ಕಿದ ಹಲ್ಲಿನಿಂದ ಕಚ್ಚಿ ಎಳೆದವಳ ಬಾಯಿ ಅದು. ಓಂಗ್ನೆಯ ಕೈಯಲ್ಲಿದ್ದ ಬಟ್ಟಲು ನೆಲಕ್ಕೆ ಬಿತ್ತು.

ಯೊಂಜಾ ಆಮೇಲೆ ಮುಚ್ಚಿಡಲಿಲ್ಲ. ಒಡ್ಡು ಮತ್ತೆ ಏಳಲೇ ಇಲ್ಲ. ಮಾವ ಹಾಸಿಗೆ ಹಿಡಿದರು, ಗಂಡ ಮೀನಿನ ದೋಣಿಗೆ ಕೂಲಿಗೆ ಹೋದ. ಅತ್ತೆ ಎಲ್ಲಿಂದಲೋ ಮೊಸಿ ನಾರು ತಂದು ಸೊಸೆಯ ಮುಂದೆ ಇಟ್ಟರು. ಹಾನ್ಸಾನ್‌ನ ಹೆಣ್ಣಿಗೆ ಇದನ್ನೂ ಹೇಳಿಕೊಡಬೇಕೇ ಎಂದರು. ಬರುವುದಿಲ್ಲ ಎಂದರೆ ನಂಬಲಿಲ್ಲ, ಸೋಮಾರಿತನಕ್ಕೆ ನೆಪ ಎಂದರು. ಅವರೂ ಉಪ್ಪಿನವರು, ಅವರಿಗೂ ಈ ಕೆಲಸ ಗೊತ್ತಿರಲಿಲ್ಲ. ಮುಂದಿನ ಹಲ್ಲು ನೊಂದರೆ ಪಕ್ಕದ್ದರಲ್ಲಿ, ಅದೂ ನೊಂದರೆ ಕೋರೆಯಲ್ಲಿ, ಹಾಗೇ ಎರಡು ವರ್ಷ.

"ಒಂದ್ ಮಾತು ಹೇಳಿ ಕಳಿಸಬಾರದಿತ್ತೇನೇ?" ಎಂದಳು ಓಂಗ್ನೆ.

"ಊರೆಲ್ಲ ನನ್ ಹಲ್ಲು ತೋರಿಸ್ಕೊಂಡು ಮೆರೀತಿದ್ಯಲ್ಲಮ್ಮ ನೀನು. ಹೇಗೆ ಹೇಳ್ಲಿ?"

ಓಂಗ್ನೆ ಎದ್ದು ಹಿತ್ತಿಲಿಗೆ ಹೋಗಿ ಸೋಯಾ ಹುದುಗಿಸಿಟ್ಟ ಜಾಡಿಗಳ ನಡುವೆ ಕೂತಳು. ಗಪ್ಸುನಕ್ಕ ಹಿಂದೆಯೇ ಬಂದಳು. ಈಗಲೇ ಬಸ್ಸು ಹತ್ತಿ ಹೋಗಿ ಆ ಬೀಗಿತ್ತಿಯ ಜುಟ್ಟು ಹಿಡಿಯುತ್ತೇನೆ ಎಂದು ಓಂಗ್ನೆ ಹಾರಾಡಿದಳು. ಗಪ್ಸುನಕ್ಕ ಅದನ್ನೆಲ್ಲ ಆಡಿ ಮುಗಿಸಲು ಬಿಟ್ಟಳು. ಕೊನೆಗೆ, ತನ್ನ ಬಾಯಿಗೆ ಒಗ್ಗದ ಮೆತ್ತಗಿನ ದನಿಯಲ್ಲಿ ಅಂದಳು:

"ಆ ಹೆಂಗಸಿನ ತಪ್ಪು ಅರ್ಧ ಕಣೇ. ಒಂಬತ್ತಕ್ಕೆ ಕಲ್ತಿದ್ರೆ ಇಷ್ಟೊತ್ತಿಗೆ ಬಾಯಿ ಗಟ್ಟಿಯಾಗಿರ್ತಿತ್ತು. ಬೆಳೆದ ಹಲ್ಲು ಬಗ್ಗಲ್ಲ, ಒಡೀತದೆ."

ಓಂಗ್ನೆ ಮಗಳನ್ನು ಕಾಯುತ್ತೇನೆಂದು ಹೋಗಿ ಬರಿಗೈಯಲ್ಲಿ ಕಳಿಸಿಬಿಟ್ಟಿದ್ದಳು. ತನ್ನ ತಾಯಿ ಮಾಡದ ತಪ್ಪು, ತಾಯಿಯ ತಾಯಿ ಮಾಡದ ತಪ್ಪು, ತಾನೊಬ್ಬಳೇ ಪ್ರೀತಿಯಿಂದ ಮಾಡಿದ್ದಳು. ಅವತ್ತು ಅವಳು ಅತ್ತ ಹಾಗೆ, ಸ್ವಂತ ಹಲ್ಲು ಸೀಳಿದ ಚಳಿಗಾಲದಲ್ಲೂ ಅತ್ತಿರಲಿಲ್ಲ.

ಕೋರೆಹಲ್ಲು ಉಳಿಯುವಂಥದ್ದಾಗಿರಲಿಲ್ಲ. ಪೇಟೆಗೆ ಕರೆದುಕೊಂಡು ಹೋಗಿ ಕೀಳಿಸಿದರು. ಮತ್ತೆ ಗಂಜಿ, ಮತ್ತೆ ಮೊಟ್ಟೆ. ನೀನು ಹೋಗಬೇಡ, ಮಗುವನ್ನೂ ಇಲ್ಲಿಗೇ ತರಿಸೋಣ, ನಾನು ಸಾಕುತ್ತೇನೆ ಎಂದು ಓಂಗ್ನೆ ತುತ್ತಿಗೊಂದು ಸಲ ಹೇಳಿದಳು. ಯೊಂಜಾ ನುಂಗುತ್ತಿದ್ದಳೇ ಹೊರತು ಹೂಂ ಅನ್ನಲಿಲ್ಲ. ಗಾಯ ಮಾಯ್ದ ಮೇಲೆ ಒಂದು ಮಧ್ಯಾಹ್ನ ಅವಳೇ ನಾರಿನ ಬುಟ್ಟಿಯನ್ನು ಎಳೆದುಕೊಂಡು ತಾಯಿಯ ಎದುರು ಬಂದು ಕೂತಳು.

"ನಾಳೆ ಹೊರಡ್ತೀನಮ್ಮ. ಅಲ್ಲಿಗೆ ಹೋದ್ಮೇಲೆ ಇದನ್ನ ಕಚ್ಚಲೇಬೇಕು. ಹೇಗೆ ಅಂತ ಹೇಳ್ಕೊಡು."

"ಗಂಜಿ ಆರ್ತಾ ಇದೆ. ಕುಡಿ ಮೊದ್ಲು."

"ಎಷ್ಟು ದಿನ ಅಂತ ಗಂಜಿ ಕೊಡ್ತೀಯಾ?"

ಓಂಗ್ನೆ ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟಳು. ಆಮೇಲೆ ಕೈ ತೊಳೆದು ಬಂದು ಕೂತಳು. ಬುಟ್ಟಿಯಲ್ಲಿ ಎಲ್ಲಕ್ಕಿಂತ ಮೆದುವಾದ ನಾರು ಹುಡುಕಿದಳು, ನೀರಲ್ಲಿ ಅದ್ದಿದಳು. ಮಗಳ ಗಲ್ಲ ಹಿಡಿದು ಬಾಯಿ ತೆರೆಸಿ, ಇನ್ನೂ ಚಕ್ಕೆ ಏಳದ ಒಂದು ಹಲ್ಲು ಹುಡುಕಿ ಅದರ ಮೇಲೆ ನಾರು ಇಟ್ಟಳು.

"ಕಚ್ಚಬೇಡ. ತುಟೀಲಿ ಹಿಡ್ಕೊ. ಹಲ್ಲು ಬರೀ ದಾರಿ ಬಿಡ್ಲಿ. ಎಳೆಯೋದು ಕೈ ಕೆಲ್ಸ, ಹಲ್ಲಿನ ಕೆಲ್ಸ ಅಲ್ಲ."

ಮೊದಲನೆಯದು ಹರಿಯಿತು, ಎರಡನೆಯದೂ ಹರಿಯಿತು. ಓಂಗ್ನೆ ಮೊಣಕೈ ತಿದ್ದಿದಳು, ಕತ್ತು ತಿದ್ದಿದಳು, ಉಸಿರು ಬಿಡುವುದನ್ನೂ ತಿದ್ದಿದಳು. ನಡುವೆ ಎದ್ದು ಹೋಗಿ ಗಂಜಿ ಬಿಸಿ ಮಾಡಿ ತಂದು ಕುಡಿಸಿದಳು. ಅದನ್ನು ಕುಡಿದ ಮೇಲೆ ಬಾಯಿಗಿಟ್ಟ ನಾರು ತುದಿಯಿಂದ ತುದಿಗೆ ಎಲ್ಲೂ ಏರುಪೇರಿಲ್ಲದೆ ಸರ್ರನೆ ಎರಡಾಯಿತು. ಯೊಂಜಾ ಆ ಎರಡು ಎಳೆಗಳನ್ನು ಬೆಳಕಿಗೆ ಹಿಡಿದು ನೋಡಿ, ತಾಯಿಯ ಮುಂದೆ ಚಾಚಿದಳು.

ಓಂಗ್ನೆ ಬೆರಳಿನಿಂದ ಸವರಿ ನೋಡಿದಳು. ಅಂಥ ಎಳೆ ತನಗೆ ಬರಲು ಎಷ್ಟು ವರ್ಷ ಹಿಡಿದಿತ್ತೆಂದು ಅವಳಿಗೆ ನೆನಪಿತ್ತು. ಈ ಕೈ ಹುಟ್ಟಾ ಮೊಸಿಯ ಕೈ. ಒಂಬತ್ತಕ್ಕೆ ಕೊಟ್ಟಿದ್ದರೆ ಈ ಹುಡುಗಿ ನೋವಿಲ್ಲದೆ ತನ್ನನ್ನು ದಾಟಿ ಹೋಗುತ್ತಿದ್ದಳು.

"ಚೆನ್ನಾಗಿದ್ಯಾಮ್ಮ?"

"ತುಂಬ ಚೆನ್ನಾಗಿದೆ," ಎಂದಳು ಓಂಗ್ನೆ. ಮಗಳಿಗೆ ಮುಖ ಕಾಣದ ಹಾಗೆ ಬುಟ್ಟಿಯ ಮೇಲೆ ಬಗ್ಗಿ, ಇನ್ನೊಂದು ನಾರು ಎತ್ತಿಕೊಟ್ಟಳು.