ಅವ್ವ ಸೀಮೆಸುಣ್ಣದಲ್ಲಿ ಬರೆದ ವೇಗ

ಒದ್ದೆ ಬಟ್ಟೆಯಿಂದ ಒರೆಸಿದ ಸೀಮೆಸುಣ್ಣಕ್ಕೆ ಒಂದು ವಾಸನೆಯಿದೆ. ಅದು ಮೂಗಿಗೆ ಬಡಿದಾಗ ನನಗೆ ಶಾಲೆ ನೆನಪಾಗುವುದಿಲ್ಲ. ಹೊಸಪೇಟೆಯ ನಮ್ಮ ಮನೆಯ ಮುಂದಿನ ಕೋಣೆ, ಅಲ್ಲಿ ಅವ್ವ ನಡೆಸುತ್ತಿದ್ದ ಡಿಟಿಪಿ ಅಂಗಡಿ, ಸೋದರಮಾವನ ಮೇಲಿನ ಸಿಟ್ಟು, ಮೂರೂ ಒಟ್ಟಿಗೆ ಬರುತ್ತವೆ. ಸಿಟ್ಟೇ ಮೊದಲು ಬರುತ್ತದೆ. ಆ ಕೋಣೆಯ ಕಂಪ್ಯೂಟರಿನ ಪೆಟ್ಟಿಗೆ ಬೆಳ್ಳಗಿತ್ತು ಎಂದು ಬರೆಯಲು ಹೊರಟಿದ್ದೆ. ಬೆಳ್ಳಗಿದ್ದರೆ ಅದರ ಮೇಲೆ ಸೀಮೆಸುಣ್ಣದ ಅಕ್ಷರ ಹೇಗೆ ಕಾಣುತ್ತಿತ್ತು? ಕಪ್ಪಗಿದ್ದಿರಬೇಕು. ಅಥವಾ ಅದಿರಿನ ದೂಳು ಕೂತು ಕೆಂಪಾಗಿರಬೇಕು. ಲಾರಿಗಳು ಹಗಲೆಲ್ಲ ಬಾಗಿಲ ಮುಂದೆಯೇ ಸಾಲುಗಟ್ಟಿ ಹೋಗುತ್ತಿದ್ದ ವರ್ಷಗಳವು. ಬೆಳಿಗ್ಗೆ ಒಗೆದು ಹಾಕಿದ ಲಂಗ ಮಧ್ಯಾಹ್ನಕ್ಕೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಆ ಮನೆ ಈಗಿಲ್ಲ, ರಸ್ತೆ ಅಗಲವಾಯಿತು. ಹಾಗಾಗಿ ಪೆಟ್ಟಿಗೆಯ ಬಣ್ಣವನ್ನು ಯಾರ ಹತ್ತಿರವೂ ಕೇಳುವಂತಿಲ್ಲ.

ಅವ್ವನಿಗೆ ಒಂದು ಪದ್ಧತಿಯಿತ್ತು. ಕಂಪ್ಯೂಟರಿನ ಯಾವ ಸೆಟ್ಟಿಂಗ್ ಮುಟ್ಟುವುದಿದ್ದರೂ ಮೊದಲು ಒಳಗಿದ್ದದ್ದನ್ನೆಲ್ಲ ತೆರೆದು ನೋಡಿ ಬೇರೆ ಕಡೆ ನಕಲು ಮಾಡಿಕೊಳ್ಳಬೇಕು. ಆಮೇಲೆ ಈಗ ಇರುವ ಸೆಟ್ಟಿಂಗನ್ನು ಪೆಟ್ಟಿಗೆಯ ಪಕ್ಕದಲ್ಲಿ ಸೀಮೆಸುಣ್ಣದಿಂದ ಬರೆಯಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಒಂದು ದಿನ ಕಾಯಬೇಕು. ನಮ್ಮ ಎರಡನೇ ಹಾರ್ಡ್ ಡಿಸ್ಕ್ ಹಳೆಯದು, ಅದಕ್ಕೆ ಹಾಕಿದ ಪಟ್ಟಿ ಕೇಬಲ್ ಇನ್ನೂ ಹಳೆಯದು. ದತ್ತಾಂಶವನ್ನು ಜೋರಾಗಿ ಸಾಗಿಸಿದರೆ ಆ ಕೇಬಲ್ ತಡೆಯದು, ಅಕ್ಷರಗಳು ದಾರಿಯಲ್ಲೇ ಕೆಡುತ್ತವೆ ಎಂದು ಅವ್ವ ಅದರ ವೇಗವನ್ನು ಕೆಳಗಿಳಿಸಿ ಇಟ್ಟಿದ್ದಳು. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದಳು: ‘ಹಳೇ ಡಿಸ್ಕ್. ಮೋಡ್ 2. ಏರಿಸಬಾರದು.’ ಆ ಡಿಸ್ಕಿನೊಳಗೆ ಅಜ್ಜಿಯ ದನಿಯಿತ್ತು. ಯಶವಂತನಗರದ ಮನೆಯ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತ ಅಜ್ಜಿ ಆಡಿದ ಮಾತನ್ನೆಲ್ಲ ಅವ್ವ ಕ್ಯಾಸೆಟ್ಟಿನಲ್ಲಿ ಹಿಡಿದು, ಅಜ್ಜಿ ತೀರಿಕೊಂಡ ಮೇಲೆ ಕಂಪ್ಯೂಟರಿಗೆ ಇಳಿಸಿದ್ದಳು. ಕ್ಯಾಸೆಟ್ ಇದೆಯಲ್ಲ ಎಂಬ ಧೈರ್ಯದಲ್ಲಿ ಇನ್ನೊಂದು ನಕಲು ಮಾಡಿರಲಿಲ್ಲ. ಅಜ್ಜಿ ಏನು ಹೇಳಿದ್ದಳೋ ನನಗೆ ನೆನಪಿಲ್ಲ. ನಡುವೆ ಬಂದ ಕೆಮ್ಮು, ಕೋಳಿಗೆ ಬೈದದ್ದು, ಅಷ್ಟೇ ಉಳಿದಿದೆ. ಕೋಳಿಯನ್ನೂ ನಾನೇ ಸೇರಿಸಿದೆನೋ ಏನೋ.

ಮಾವ ಅವ್ವನ ಒಬ್ಬನೇ ತಮ್ಮ. ಲಾರಿ ಓಡಿಸುವುದು ಬಿಟ್ಟು ಸಂಡೂರಿನಲ್ಲಿ ಮದುವೆ ವಿಡಿಯೋ ಮಿಕ್ಸಿಂಗ್ ಶುರು ಮಾಡಿದ್ದ. ಆ ವರ್ಷ ಆಯುಧ ಪೂಜೆಗೆ ತನ್ನದೊಂದು ಹಾರ್ಡ್ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ. ಅವ್ವ ಒಳಗೆ ಹೋಳಿಗೆ ಮಾಡುತ್ತಿದ್ದಳು. ಲಾರಿ ತೊಳೆದ ಕೈ. ಪೂಜೆಯ ದಿನ ಮೈಮೇಲೆ ಕಲೆಯಿರುವ ಯಂತ್ರ ಅವನ ಕಣ್ಣಿಗೆ ಆಗದು. ಒದ್ದೆ ಬಟ್ಟೆ ತಂದು ಪೆಟ್ಟಿಗೆಯನ್ನು ಒರೆಸಿ ವಿಭೂತಿ ಹಚ್ಚಿದ. ಆಮೇಲೆ ತನ್ನ ಡಿಸ್ಕ್ ಜೋಡಿಸಿ ಫೈಲು ಸಾಗಿಸುತ್ತ ಕೂತ.

“ಫಸ್ಟ್ ಗೇರಿನ್ಯಾಗ ಘಾಟಿ ಏರಿಸಿದಂಗ ಆತಲ್ಲೇ ಇದು! ನಿಮ್ಮವ್ವಗ ಟಾಪ್ ಗೇರ್ ಗೊತ್ತಿಲ್ಲೇನು?”

“ಬ್ಯಾಡ ಮಾವ, ಅವ್ವ ಬೈತಾಳ.”

ಹೀಗೆ ಹೇಳಿದೆ ಎಂದು ನನ್ನ ನೆನಪು. ನಾನು ಅವನ ಪಕ್ಕ ನಿಂತು ನಗುತ್ತಿದ್ದೆ ಎಂದು ಅವ್ವ ಕೊನೆಯವರೆಗೂ ಹೇಳಿದಳು. ಯಾವುದು ನಿಜವಾದರೂ, ಮಾವ ಸೆಟ್ಟಿಂಗಿಗೆ ಹೋಗಿ ನಮ್ಮ ಹಳೇ ಡಿಸ್ಕಿನ ವೇಗವನ್ನು ಇದ್ದಷ್ಟೂ ಮೇಲಕ್ಕೆ ಏರಿಸಿದ. ಸಂಜೆಗೆ ಫೈಲುಗಳ ಹೆಸರು ಇದ್ದವು, ಒಳಗೆ ಬರೀ ಗರಗರ. ಕ್ಯಾಸೆಟ್ ತೆಗೆದು ನೋಡಿದರೆ ಕೆಂಪು ದೂಳು ಟೇಪನ್ನು ಎಂದೋ ತಿಂದು ಹಾಕಿತ್ತು.

“ನಾ ಬರ್ದಿದ್ದು ಯಾರು ಒರಸಿದ್ರು?”

“ಅಕ್ಕ, ಪೂಜೆ ದಿನ ಹೊಲಸು ಹಂಗ ಬಿಡಾಕ ಆಗ್ತೈತೇನು?”

“ಅದು ಹೊಲಸಲ್ಲೋ, ನಮ್ಮವ್ವ. ನಡಿ ಹೊರಗ.”

ಅವನು ಡಿಸ್ಕನ್ನು ಟವೆಲಿಗೆ ಸುತ್ತಿಕೊಂಡು ಹೋದ. ಅಕ್ಕತಮ್ಮಂದಿರು ಮತ್ತೆ ಮಾತಾಡಲಿಲ್ಲ. ಅವ್ವ ಆಮೇಲೆ ಪೆಟ್ಟಿಗೆಯ ಮೇಲೆ ಏನನ್ನೂ ಬರೆಯಲಿಲ್ಲ.

ನನಗೆ ಆಗ ಹನ್ನೆರಡೋ ಹದಿಮೂರೋ. ಸಂಕ್ರಾಂತಿ ರಜೆಗೆ ಅತ್ತೆ ಕರೆದಳೆಂದು ಸಂಡೂರಿಗೆ ಹೋದೆ. ಹೋದದ್ದು ಎಳ್ಳುಬೆಲ್ಲಕ್ಕಲ್ಲ. ಮಾವ ಹೊರಗೆ ಯಾರೊಡನೆಯೋ ಮಾತಾಡುತ್ತಿದ್ದಾಗ ಅವನ ಕಂಪ್ಯೂಟರಿನ ಮುಂದೆ ಕೂತೆ. ಡಿಸ್ಕ್ ಜೋಡಿಸಿದ ಚಾನೆಲ್ಲಿನ ಸೆಟ್ಟಿಂಗಿನಲ್ಲಿ ಎರಡೇ ಆಯ್ಕೆ. ಡಿಎಂಎ ಎಂದಿದ್ದರೆ ದತ್ತಾಂಶ ನೇರವಾಗಿ ಹರಿಯುತ್ತದೆ. ಪಿಐಓ ಎಂದರೆ ಒಂದೊಂದು ತುಣುಕನ್ನೂ ಪ್ರೊಸೆಸರೇ ಹೊತ್ತು ಹಾಕಬೇಕು. ಅದರಿಂದ ಏನೂ ಕೆಡುವುದಿಲ್ಲ, ಎಲ್ಲ ತೆವಳುತ್ತದೆ. ನಾನು ‘ಪಿಐಓ ಮಾತ್ರ’ ಎಂದು ಒತ್ತಿದೆ. ಹಳೆಯ ಸೆಟ್ಟಿಂಗನ್ನು ಎಲ್ಲಿಯೂ ಬರೆಯಲಿಲ್ಲ. ಮಾರನೆಯ ದಿನ ಪರದೆಯ ಮೇಲೆ ಅವನ ವಧುವರರು ಒಂದೊಂದು ಹೆಜ್ಜೆಗೂ ನಿಂತು ನಿಂತು ನಡೆಯುವುದನ್ನು ಎಳ್ಳು ಜಗಿಯುತ್ತ ನೋಡಿದೆ.

“ಏನಾಗೈತಲೇ ಇದಕ್ಕ? ನಿಮ್ಮವ್ವ ಶಾಪ ಹಾಕ್ಯಾಳ ನೋಡು,” ಎಂದ ಮಾವ.

“ಟಾಪ್ ಗೇರ್ ಹಾಕು ಮಾವ,” ಎಂದೆ.

ಅಷ್ಟು ರುಚಿಯಾದ ಎಳ್ಳನ್ನು ನಾನು ಮತ್ತೆ ತಿಂದಿಲ್ಲ. ಈ ಒಂದು ನೆನಪನ್ನು ಮಾತ್ರ ನಾನು ಅನುಮಾನಿಸಿಲ್ಲ. ಯಾವ ರಿಪೇರಿಯವನಿಗೂ ಅದರ ಕಾರಣ ಸಿಗಲಿಲ್ಲವಂತೆ. ಬೇಸಿಗೆಯ ಮದುವೆಗಳು ಕೈಬಿಟ್ಟು ಹೋದವು. ಮಾವ ಸಿಟ್ಟಿನಲ್ಲಿ ಆ ಕಂಪ್ಯೂಟರನ್ನು ಡಿಸ್ಕಿನ ಸಮೇತ ಕುರೆಕುಪ್ಪದ ಗುಜರಿಯವನಿಗೆ ಎತ್ತಿ ಕೊಟ್ಟು ಮತ್ತೆ ಲಾರಿ ಹತ್ತಿದ.

ಅವ್ವ ಹೋಗಿ, ಮಾವನೂ ಹೋದ ಮೇಲೆ ಒಂದು ಸಂಜೆ ಅತ್ತೆ ಕಾಳು ಆರಿಸುತ್ತ ಹೇಳಿದಳು: “ಅವತ್ತು ವೇಗ ಏರಿಸೋಕಿನ ಮೊದ್ಲು ನಿಮ್ಮ ಮಾವ ಎಲ್ಲಾ ನಕಲು ಮಾಡ್ಕೊಂಡಿದ್ದ. ಅಕ್ಕನ ಪದ್ಧತಿ ಅಂತ. ಅಜ್ಜಿ ಮಾತು ನಮ್ಮ ಕಂಪ್ಯೂಟರಿನ್ಯಾಗ ಇತ್ತವ್ವ. ‘ಹೊರಗ ಹಾಕ್ಯಾಳ, ಆಕಿನ ಬಂದು ಕೇಳ್ಲಿ, ಕೊಡ್ತೀನಿ’ ಅಂತ ಹಟ ಹಿಡದು ಕುಂತ.”

ಮಾವನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಆದರೆ ರಸ್ತೆಯಲ್ಲಿ ಎಲ್ಲಾದರೂ ಸೀಮೆಸುಣ್ಣದ ಆ ವಾಸನೆ ಬಂದಾಗ ಈಗ ಅವನ ಕೈ ಕಾಣುವುದಿಲ್ಲ. ಮೌಸಿನ ಮೇಲೆ ಎಳ್ಳಿನ ಎಣ್ಣೆಯ ಪಸೆಯಿರುವ ಒಂದು ಪುಟ್ಟ ಕೈ ಕಾಣುತ್ತದೆ. ಮೊದಲು ಎಲ್ಲವನ್ನೂ ತೆರೆದು ನೋಡಿ ನಕಲು ಮಾಡಿಕೊಳ್ಳಬೇಕು ಎಂದು ಅವ್ವ ಆ ಕೈಗೆ ಕಲಿಸಿದ್ದಳು. ನಾನು ತೆರೆದು ನೋಡಲಿಲ್ಲ. ನೋಡಿದ್ದರೆ, ಅಲ್ಲೇ ಎಲ್ಲೋ ಅಜ್ಜಿ ಕೆಮ್ಮುತ್ತಿದ್ದಳು.