ಕೊಳವೆಯ ಒಲೆ ಕೊಂಡದ್ದು

ಕೊಳವೆ ಕಾದು ಮಾಳಿಗೆಯ ತೊಲೆಗೆ ಬೆಂಕಿ ಹತ್ತಬಹುದಿತ್ತು. ಕೊಳವೆಯೊಳಗೆ ಗುಬ್ಬಿ ಗೂಡು ಕಟ್ಟಿ, ಹೊಗೆಯೆಲ್ಲ ಒಳಗೇ ತಿರುಗಿ ನಾನು ಉಸಿರುಗಟ್ಟಿ ಸಾಯಬಹುದಿತ್ತು. ಕಿಡಿ ಹಾರಿ ಪಕ್ಕದವರ ಮೇವಿನ ಬಣವೆ ಉರಿಯಬಹುದಿತ್ತು. ಮಳೆಗಾಲದಲ್ಲಿ ಕೊಳವೆಯ ಸುತ್ತ ಸೋರಿ ಮಾಳಿಗೆಯೇ ಕುಸಿಯಬಹುದಿತ್ತು. ಎಂಬತ್ತರ ದಶಕದಲ್ಲಿ, ದೇವದುರ್ಗದ ಬಾಡಿಗೆ ಮನೆಗೆ ಒಂದು ಒಲೆ ಕೊಳ್ಳುವ ಮೊದಲು ಇಷ್ಟನ್ನೂ ಯೋಚಿಸಿಟ್ಟಿದ್ದೆ.

ವರ್ಗವಾಗಿ ಬಂದ ಒಂಟಿ ಗುಮಾಸ್ತ ನಾನು. ಮೂರು ಕಲ್ಲಿನ ಒಲೆ, ಜಾಲಿ ಕಟ್ಟಿಗೆ. ಹೊಗೆಗೆ ಕಣ್ಣು ಕೆಂಪಾಗಿ ದಿನವೂ ಅತ್ತುಕೊಂಡು ಕಚೇರಿಗೆ ಬಂದವನಂತೆ ಕಾಣುತ್ತಿದ್ದೆ. ಬೆಳಿಗ್ಗೆ ನನ್ನ ಅಡುಗೆ ಮುಗಿಯುವ ಹೊತ್ತಿಗೆ ಎದುರು ಮನೆಯ ಮುದುಕಿ ಎಮ್ಮೆ ಹಿಂಡಿ, ಒಡೆದ ಗಡಿಗೆಯ ಚೂರು ಹಿಡಿದು ತನ್ನ ಒಲೆ ಹೊತ್ತಿಸಲು ಕೆಂಡ ಕೇಳಿಕೊಂಡು ಬರುತ್ತಿದ್ದಳು. ಕೆಂಡ ಸಿಕ್ಕ ಮೇಲೂ ನನ್ನ ಬಾಗಿಲ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಇಡೀ ದಿನದಲ್ಲಿ ಕಡತದ ವಿಷಯವಲ್ಲದ ಮಾತು ನನಗೆ ಸಿಗುತ್ತಿದ್ದದ್ದು ಆಗ ಮಾತ್ರ. ಕಚೇರಿಗೆ ತಡವಾದರೂ ನಾನಾಗಿ ಎಬ್ಬಿಸುತ್ತಿರಲಿಲ್ಲ.

"ಕಣ್ಣು ಹೋಗ್ತಾವ ನೋಡು ಯಪ್ಪಾ. ಹೊಗಿ ಇಲ್ಲದ ಒಲಿ ಬಂದಾವಂತ, ತರಬಾರದೇನು?" ಎಂದವಳೂ ಅವಳೇ.

ಮಾನ್ವಿಯ ಖಾನಾವಳಿಯೊಂದರಲ್ಲಿ ಅಂಥ ಒಲೆ ಇದೆಯೆಂದು ಕೇಳಿ ಒಂದು ಭಾನುವಾರ ಹೋದೆ. ಉಂಡದ್ದಕ್ಕಿಂತ ಅಡುಗೆಮನೆಯ ಗೋಡೆಯಲ್ಲಿ ಮಸಿ ಹುಡುಕಿದ್ದೇ ಹೆಚ್ಚು. ಸಿಗಲಿಲ್ಲ. ಆಮೇಲೆ ರಾಯಚೂರಿನ ತಗಡಿನ ಅಂಗಡಿಗೆ, ಚೀಲದಲ್ಲಿ ನನ್ನದೇ ಪಾತ್ರೆ, ನನ್ನದೇ ಕಟ್ಟಿಗೆ ಹಾಕಿಕೊಂಡು ಹೋದೆ. ಪಾತ್ರೆ ಒಲೆಯ ಬಾಯಿಗೆ ಸಂದಿಲ್ಲದಂತೆ ಕೂರಬೇಕು, ಇಲ್ಲವಾದರೆ ಉರಿ ದಂಡ. ತಳದಲ್ಲಿ ಗಾಳಿಯಾಡಲು ಜಾಲರಿ ಬೇಕು. ತಗಡು ದಪ್ಪಗಿರಬೇಕು. ಕೊಳವೆ ಮಾಳಿಗೆ ದಾಟಿ ಮೇಲೇಳಬೇಕು, ತೊಲೆಯಿಂದ ದೂರವಿರಬೇಕು. ಒಂದೊಂದನ್ನೂ ಎರಡೆರಡು ಸಲ ಕೇಳಿ, ನೀರು ಕುದಿಸಿ ತೋರಿಸಲು ಹೇಳಿದೆ.

"ಸಾಹೇಬ್ರ, ಒಲಿ ತಗೊಳ್ಳಾಕ ಬಂದೀರೋ, ಹೆಣ್ಣು ನೋಡಾಕ ಬಂದೀರೋ?" ಎಂದ ಅಂಗಡಿಯವ.

"ಹೆಣ್ಣು ನೋಡುವಾಗೂ ಇಷ್ಟೇ ಕೇಳಿದ್ದೆರೀ. ಅದಕ್ಕ ಈಗ ಒಲಿ ನಾನೇ ಹಚ್ಚಬೇಕಾಗ್ಯದ."

ನೀರು ಕುದಿಯಿತು. ಮನೆಯಲ್ಲಿ ಬೇಕಾಗುತ್ತಿದ್ದ ಕಟ್ಟಿಗೆಯ ಅರ್ಧವೂ ಖರ್ಚಾಗಿರಲಿಲ್ಲ.

ಒಲೆ ಕೊಂಡು ತಂದು ಕೂಡಿಸಿದೆ. ತೊಲೆ ಉರಿಯಲಿಲ್ಲ, ಮಾಳಿಗೆ ಸೋರಲಿಲ್ಲ, ನಾನೂ ಸಾಯಲಿಲ್ಲ. ಮೊದಲ ಬೆಳಿಗ್ಗೆ ಮುದುಕಿ ಬಂದಾಗ ಹೆಮ್ಮೆಯಿಂದ ಒಲೆಯ ಬಾಗಿಲು ತೆಗೆದೆ. ಒಳಗೆ ಕೆಂಡವಿರಲಿಲ್ಲ. ಕಟ್ಟಿಗೆಯನ್ನು ಒಂದಿಷ್ಟೂ ಬಿಡದೆ ಸುಟ್ಟು, ಜಾಲರಿಯ ಕೆಳಗೆ ನುಣ್ಣನೆಯ ಬೂದಿ ಮಾಡಿಟ್ಟಿತ್ತು.

"ಭಾಳ ಚಲೋ ಒಲಿ ಅದ," ಎಂದಳು ಬಗ್ಗಿ ನೋಡಿ.

"ನಾಳಿಗೆ ಒಂದು ಕಟಗಿ ಹೆಚ್ಚಿಗಿ ಹಾಕ್ತೀನಿ ಯವ್ವಾ."

"ಹುಚ್ಚೇನು ನಿನಗ? ನನ್ನ ಸಲವಾಗಿ ಕಟಗಿ ಸುಡ್ತೀ? ಆ ಕಡಿ ಮನ್ಯಾಗ ಕೇಳ್ತೀನಿ ತಗೋ."

ಮರುದಿನ ಬೇಕೆಂದೇ ಕಟ್ಟಿಗೆ ತುರುಕಿ, ಗಾಳಿ ತಡೆದು, ಅಷ್ಟು ಪರೀಕ್ಷೆ ಮಾಡಿ ತಂದ ಒಲೆಯನ್ನು ಕೆಡಿಸಿ ಕೆಂಡ ಉಳಿಸಿದೆ. ಬಾಗಿಲಿಗೆ ಬಂದರೆ ಅವಳು ಆ ಕಡೆ ಮನೆಯತ್ತ ನಡೆದಿದ್ದಳು. ಕರೆದರೆ ಏನು ತಿಳಿದಾಳೋ ಎಂದು ನಾನು ಯೋಚಿಸುವಷ್ಟರಲ್ಲಿ ಅಲ್ಲಿನ ಕಟ್ಟೆಯ ಮೇಲೆ ಕೂತು ಮಾತಿಗೆ ಹತ್ತಿದ್ದಳು.